ನಂಬಿಕೆಯ ಮಾರುಕಟ್ಟೆಯಲ್ಲಿ ನಮ್ಮ ಮಕ್ಕಳು

(ಹೆತ್ತವರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ದೊಡ್ಡವನಾದ ಮೇಲೆ ಏನಾಗುತ್ತೀ ಎಂದು ಮಕ್ಕಳನ್ನು ಕೇಳುವುದು ನಮ್ಮ ಮನೆಗಳ ಹಳೆಯ ರೂಢಿ. ಡಾಕ್ಟರ್, ಇಂಜಿನಿಯರ್, ಗಲ್ಫಿನಲ್ಲಿ ನೌಕರಿ ಎಂಬ ಉತ್ತರಗಳಿಗೆ ನಮ್ಮ ಕಿವಿ ಒಗ್ಗಿತ್ತು. ಈಗ ಅದೇ ಪ್ರಶ್ನೆಗೆ ಯೂಟ್ಯೂಬರ್ ಎಂಬ ಉತ್ತರ ಬರುತ್ತಿದೆ. ಇದು ನಮ್ಮ ಊರಿನ ಮಕ್ಕಳಿಗೆ ಮಾತ್ರ ಅಂಟಿದ ಹುಚ್ಚು ಎಂದು ಯಾರೂ ಭಾವಿಸಬೇಕಾಗಿಲ್ಲ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು 50 ವರ್ಷಗಳಾದ ಸಂದರ್ಭದಲ್ಲಿ, ಅಂದರೆ 2019ರಲ್ಲಿ, ಲೆಗೋ ಎಂಬ ಆಟಿಕೆ ಕಂಪೆನಿ ಅಮೆರಿಕ, ಬ್ರಿಟನ್ ಮತ್ತು ಚೀನಾದ 3000 ಮಕ್ಕಳ ಸಮೀಕ್ಷೆ ನಡೆಸಿತ್ತು. ಅಮೆರಿಕ ಮತ್ತು ಬ್ರಿಟನ್‌ನ ಮಕ್ಕಳಲ್ಲಿ ಗಗನಯಾತ್ರಿಯಾಗಬಯಸಿದವರಿಗಿಂತ ಯೂಟ್ಯೂಬರ್ ಆಗಬಯಸಿದವರ ಸಂಖ್ಯೆ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಚೀನಾದ ಮಕ್ಕಳು ಮಾತ್ರ ಗಗನಯಾತ್ರಿಗೆ ಮೊದಲ ಸ್ಥಾನ ಕೊಟ್ಟಿದ್ದರು.

ಮಕ್ಕಳ ಈ ಉತ್ತರಕ್ಕೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಕಂಡುಬರುತ್ತದೆ. ಕೆಲವು ಹೆತ್ತವರು ಸಿಡಿಮಿಡಿಗೊಂಡು ಮೊಬೈಲನ್ನು ಕಸಿದುಕೊಳ್ಳುತ್ತಾರೆ. ಇನ್ನು ಕೆಲವರು, ಇಂತಹವನು ತಿಂಗಳಿಗೆ ಲಕ್ಷಾಂತರ ರೂಪಾಯಿ ಸಂಪಾದಿಸುತ್ತಾನಂತೆ ಎಂಬ ಸುದ್ದಿ ಕೇಳಿ ತಾವೇ ಸಾಲ ಮಾಡಿ ಕ್ಯಾಮರಾ ತಂದುಕೊಡುತ್ತಾರೆ. ಸಿಟ್ಟಿನ ಹಿಂದೆಯೂ ಆಸೆಯ ಹಿಂದೆಯೂ ಮಾಹಿತಿ ಇಲ್ಲ ಎಂಬುದೇ ನಮ್ಮ ಚಿಂತೆ. ಆದರೆ ಜಗತ್ತಿನ ವಿಶ್ವವಿದ್ಯಾನಿಲಯಗಳು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಸಮಾಜಶಾಸ್ತ್ರಜ್ಞರು, ಮಾನವಶಾಸ್ತ್ರಜ್ಞರು, ಮಾಧ್ಯಮ ಅಧ್ಯಯನದ ವಿದ್ವಾಂಸರು ಹಲವು ವರ್ಷಗಳಿಂದ ಇನ್‌ಫ್ಲುಯೆನ್ಸರ್‌ಗಳ ಬದುಕನ್ನು ಹತ್ತಿರದಿಂದ ಕಂಡು ಬರೆದಿದ್ದಾರೆ. ಅವರ ಶೋಧನೆಗಳ ಸಾರವನ್ನು ಸರಳವಾಗಿ ತಮ್ಮ ಮುಂದಿಡುವುದು ಮತ್ತು ಅವು ನಮ್ಮ ಮನೆಗಳಿಗೆ ಏನು ಹೇಳುತ್ತವೆ ಎಂದು ಪರಿಶೀಲಿಸುವುದು ಇಂದಿನ ಉದ್ದೇಶ.

ಮೊದಲು ಈ ವ್ಯಾಪಾರದಲ್ಲಿ ಮಾರಾಟವಾಗುವ ಸರಕು ಯಾವುದು ಎಂಬುದನ್ನು ಅರಿಯಬೇಕು. ಮೇಲ್ನೋಟಕ್ಕೆ ಅದು ವೀಡಿಯೊ. ವಾಸ್ತವದಲ್ಲಿ ಅದು ನೋಡುಗನ ನಂಬಿಕೆ. ಇದರ ಮೂಲ ತಿಳಿಯಲು ನಾವು ಅಂತರ್ಜಾಲ ಹುಟ್ಟುವುದಕ್ಕೂ ಮೊದಲಿನ ಕಾಲಕ್ಕೆ ಹೋಗಬೇಕಾಗುತ್ತದೆ. 1956ರಲ್ಲಿ ಅಮೆರಿಕದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು ಒಂದು ಪ್ರಬಂಧ ಬರೆದರು. ಆಗ ಅಲ್ಲಿ ಟಿ.ವಿ. ಮನೆಮನೆಗೆ ಪ್ರವೇಶಿಸುತ್ತಿದ್ದ ಕಾಲ. ಪರದೆಯ ಮೇಲಿನ ನಿರೂಪಕ ನೇರವಾಗಿ ಕಣ್ಣಿಟ್ಟು ಮಾತಾಡುವಾಗ ನೋಡುಗನಿಗೆ ಆತ ತನ್ನ ಪರಿಚಿತ, ತನ್ನ ಗೆಳೆಯ ಎಂಬ ಭಾವನೆ ಮೂಡುತ್ತದೆ ಎಂದು ಅವರು ಗುರುತಿಸಿದರು. ಆದರೆ ಈ ಗೆಳೆತನ ಏಕಮುಖವಾದುದು. ನಮಗೆ ಆತ ಗೊತ್ತು, ಆತನಿಗೆ ನಾವು ಯಾರೆಂದೇ ಗೊತ್ತಿಲ್ಲ. ಇಂದು ನಮ್ಮ ಮಕ್ಕಳು "ಅಣ್ಣ ಹೇಳಿದ್ದಾರೆ", "ಅಕ್ಕ ಹೇಳಿದ್ದಾರೆ" ಎಂದು ತಾವು ಎಂದೂ ಭೇಟಿಯಾಗದವರ ಮಾತನ್ನು ಉಲ್ಲೇಖಿಸುವಾಗ ಆ ಪ್ರಬಂಧವು ನಿನ್ನೆ ಬರೆದಂತೆ ತೋರುತ್ತದೆ.

ಮುಂದೆ ಮನೆಗಳಿಗೆ ಕಂಪ್ಯೂಟರ್ ಬಂತು. ತೆರೇಸಾ ಸೆನ್ಫ್ಟ್ ಎಂಬ ಸಂಶೋಧಕಿ, ಮನೆಯಲ್ಲೇ ಕ್ಯಾಮರಾ ಇಟ್ಟು ತಮ್ಮ ದಿನಚರಿಯನ್ನು ಅಂತರ್ಜಾಲದಲ್ಲಿ ಪ್ರಸಾರ ಮಾಡುತ್ತಿದ್ದ ಯುವತಿಯರ ಬಗ್ಗೆ ಅಧ್ಯಯನ ನಡೆಸಿ 2008ರಲ್ಲಿ ಪುಸ್ತಕ ಪ್ರಕಟಿಸಿದರು. 'ಮೈಕ್ರೋ ಸೆಲೆಬ್ರಿಟಿ', ಅರ್ಥಾತ್ ಕಿರು ತಾರೆ ಎಂಬ ಪರಿಕಲ್ಪನೆಯನ್ನು ನೀಡಿದವರು ಅವರೇ. ಆಲಿಸ್ ಮಾರ್ವಿಕ್ ಎಂಬ ಇನ್ನೋರ್ವ ವಿದುಷಿ ಸಾನ್‌ಫ್ರಾನ್ಸಿಸ್ಕೋದ ತಂತ್ರಜ್ಞಾನ ವಲಯದಲ್ಲಿದ್ದು ನಡೆಸಿದ ಅಧ್ಯಯನವನ್ನು 2013ರಲ್ಲಿ ಹೊರತಂದರು. ಅವರ ಪ್ರಕಾರ ಕಿರು ತಾರೆಯಾಗುವುದೆಂದರೆ ಒಂದು ಮನೋಭಾವ. ನೆರೆಕರೆಯವರನ್ನು, ಗೆಳೆಯರನ್ನು, ಅಪರಿಚಿತರನ್ನು ಅಭಿಮಾನಿಗಳೆಂದು ಕಾಣುವುದು, ತನ್ನನ್ನೇ ಒಂದು ಬ್ರಾಂಡ್ ಎಂದು ಭಾವಿಸುವುದು ಮತ್ತು ಖಾಸಗಿ ವಿಷಯಗಳಲ್ಲಿ ಎಷ್ಟನ್ನು ತೋರಿಸಬೇಕು, ಎಷ್ಟನ್ನು ಮರೆಮಾಚಬೇಕು ಎಂದು ಲೆಕ್ಕ ಹಾಕುತ್ತಾ ಬದುಕುವುದು. ಹಿಂದಿನ ಕಾಲದ ಸಿನಿಮಾ ತಾರೆಗೆ ದೂರವೇ ಆಕರ್ಷಣೆಯಾಗಿತ್ತು. ಇಂದಿನ ಇನ್‌ಫ್ಲುಯೆನ್ಸರ್‌ಗೆ ಹತ್ತಿರವೇ ಬಂಡವಾಳ.

ಈ ಉದ್ಯಮ ಎಲ್ಲಿ ಹುಟ್ಟಿತು ಎಂಬುದು ಇನ್ನೂ ಮಹತ್ವದ ಪ್ರಶ್ನೆ. ಎಮಿಲಿ ಹಂಡ್ ಎಂಬ ಸಂಶೋಧಕಿ 2023ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದಕ್ಕೆ ಉತ್ತರಿಸಿದ್ದಾರೆ. 2008ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಅಸಂಖ್ಯ ಯುವಕ ಯುವತಿಯರು ಉದ್ಯೋಗ ಕಳೆದುಕೊಂಡರು. ಪತ್ರಿಕೆಗಳು ಬಾಗಿಲು ಮುಚ್ಚಿದವು. ಆಗ ಬ್ಲಾಗ್ ಬರೆದಾದರೂ, ಫೋಟೋ ಹಾಕಿಯಾದರೂ ಹೆಸರು ಮಾಡಿಕೊಂಡರೆ ಯಾರಾದರೂ ಕೆಲಸ ಕೊಟ್ಟಾರು ಎಂದು ಅನೇಕರು ಈ ಹಾದಿ ಹಿಡಿದರು. ಜಾಹೀರಾತಿನ ಮೇಲೆ ಜನರ ನಂಬಿಕೆ ಕುಸಿದಿದ್ದ ಆ ವೇಳೆಯಲ್ಲಿ ಕಂಪೆನಿಗಳಿಗೆ 'ನಮ್ಮ ನಿಮ್ಮಂತಹ' ಒಂದು ಮುಖ ಬೇಕಾಗಿತ್ತು. ಹೀಗೆ ನಿರುದ್ಯೋಗಿಯ ಅಗತ್ಯ ಮತ್ತು ಬಂಡವಾಳಶಾಹಿಯ ಅಗತ್ಯ ಒಂದೇ ಕಡೆ ಸಂಧಿಸಿದವು. ಹೊಳೆಯುವ ಈ ಲೋಕದ ಬೇರು ಇರುವುದು ಅಭದ್ರತೆಯ ಮಣ್ಣಿನಲ್ಲಿ. ಪದವಿ ಪಡೆದೂ ಕೆಲಸ ಸಿಗದ ನಮ್ಮ ತರುಣರು ಮೊಬೈಲಿನ ಮುಂದೆ ನಿಲ್ಲುವಾಗ ಅದನ್ನು ಸೋಮಾರಿತನ ಎಂದು ಬೈಯುವ ಮೊದಲು ಈ ಹಿನ್ನೆಲೆ ನಮ್ಮ ನೆನಪಿನಲ್ಲಿರಲಿ.

ಇನ್ನು ದುಡಿಮೆಯ ವಿಷಯಕ್ಕೆ ಬರೋಣ. ಕಾರ್ನೆಲ್ ವಿಶ್ವವಿದ್ಯಾನಿಲಯದ ಬ್ರೂಕ್ ಎರಿನ್ ಡಫಿ ಅವರು ಫ್ಯಾಷನ್ ಮತ್ತು ಸೌಂದರ್ಯದ ಬಗ್ಗೆ ಬರೆಯುತ್ತಿದ್ದ ಯುವತಿಯರನ್ನು ವರ್ಷಗಳ ಕಾಲ ಸಂದರ್ಶಿಸಿ 2017ರಲ್ಲಿ ಒಂದು ಪುಸ್ತಕ ಬರೆದರು. ಇಷ್ಟದ ಕೆಲಸಕ್ಕೆ ಸಂಬಳ ಸಿಗುತ್ತದೆ ಎಂಬ ಭರವಸೆಯಲ್ಲಿ ಸಂಬಳವಿಲ್ಲದೆ ದುಡಿಯುವುದು ಈ ಲೋಕದ ಸಾಮಾನ್ಯ ನಿಯಮ ಎಂದು ಅವರು ಕಂಡುಕೊಂಡರು. ಅದನ್ನು ಅವರು ಆಕಾಂಕ್ಷೆಯ ದುಡಿಮೆ ಎಂದು ಕರೆದರು. ಬೆರಳೆಣಿಕೆಯ ಕೆಲವರು ಮೇಲೇರುತ್ತಾರೆ. ಹೆಚ್ಚಿನವರು ತಮ್ಮ ಸಮಯ, ಹಣ, ಆರೋಗ್ಯವನ್ನು ಸುರಿದು ಬರಿಗೈಯಲ್ಲಿ ಮರಳುತ್ತಾರೆ. ಅವರು ಸುರಿದ ದುಡಿಮೆಯ ಲಾಭ ಮಾತ್ರ ಕಂಪೆನಿಗಳಿಗೆ ಮತ್ತು ವೇದಿಕೆಗಳಿಗೆ ಸಂದಿರುತ್ತದೆ.

ಕರಾವಳಿಯ ನಮ್ಮ ತಾಯಂದಿರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಲೆಮಾರು ಇದು. ಮನೆಯೇ ಕಾರ್ಖಾನೆ, ಬಿಡುವೇ ಕೆಲಸದ ಹೊತ್ತು ಎಂಬುದರ ಅರ್ಥ ಅವರಿಗೆ ಗೊತ್ತು. ಬೀಡಿಯಲ್ಲಿ ಸಾವಿರಕ್ಕೆ ಇಂತಿಷ್ಟು ಎಂಬ ದರವಾದರೂ ಇತ್ತು. ಬೀಡಿ ಕಾರ್ಮಿಕರಿಗಾಗಿ 1966ರಲ್ಲೇ ಪ್ರತ್ಯೇಕ ಕಾನೂನು ಬಂತು. ಸಂಘಗಳು ಹೋರಾಡಿ ಮಜೂರಿ, ಭವಿಷ್ಯನಿಧಿ ಪಡೆದವು. ಇಲ್ಲಿಯಾದರೋ ಕಟ್ಟಿದ ಸರಕಿಗೆ ದರವೇ ನಿಗದಿಯಾಗಿಲ್ಲ. ಹತ್ತು ವೀಡಿಯೊ ಮಾಡಿದವನಿಗೆ ಸೊನ್ನೆ ಬರಬಹುದು, ಹನ್ನೊಂದನೆಯದಕ್ಕೆ ಸಾವಿರಾರು ರೂಪಾಯಿ ಬರಬಹುದು. ಏಕೆ ಹೀಗಾಯಿತು ಎಂದು ಕೇಳಲು ಅಲ್ಲಿ ಯಾವ ಗುತ್ತಿಗೆದಾರನ ಮನೆಯೂ ಇಲ್ಲ.

ಅಂಕಿ ಅಂಶಗಳು ಏನನ್ನುತ್ತವೆ? ಜರ್ಮನಿಯ ಪ್ರಾಧ್ಯಾಪಕ ಮಥಿಯಾಸ್ ಬಾರ್ಟ್ಲ್ ಯೂಟ್ಯೂಬ್‌ನ ಹತ್ತು ವರ್ಷಗಳ ಲೆಕ್ಕವನ್ನು ವಿಶ್ಲೇಷಿಸಿ 2018ರಲ್ಲಿ ಪ್ರಕಟಿಸಿದರು. ಒಟ್ಟು ವೀಕ್ಷಣೆಯಲ್ಲಿ ಸರಾಸರಿ ಶೇಕಡಾ 85ರಷ್ಟು ಕೇವಲ ಶೇಕಡಾ 3ರಷ್ಟು ಚಾನೆಲ್‌ಗಳ ಪಾಲಾಗುತ್ತಿತ್ತು. ಉಳಿದ ಶೇಕಡಾ 97ರಷ್ಟು ಚಾನೆಲ್‌ಗಳು ಹಂಚಿಕೊಂಡದ್ದು ಉಳಿದ ಶೇಕಡಾ 15ನ್ನು. 2023ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಹಣಕಾಸು ಸಂಸ್ಥೆ ಈ 'ಕ್ರಿಯೇಟರ್ ಎಕಾನಮಿ'ಯ ಗಾತ್ರವನ್ನು 25,000 ಕೋಟಿ ಡಾಲರ್ ಎಂದು ಅಂದಾಜಿಸಿತು. ಎಲ್ಲರೂ ಉಲ್ಲೇಖಿಸುವುದು ಈ ದೊಡ್ಡ ಮೊತ್ತವನ್ನು. ಅದೇ ವರದಿಯ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಜಗತ್ತಿನ ಸುಮಾರು 5 ಕೋಟಿ ಕ್ರಿಯೇಟರ್‌ಗಳಲ್ಲಿ ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಹೆಚ್ಚು ಗಳಿಸುವ ವೃತ್ತಿಪರರು ಶೇಕಡಾ 4ರಷ್ಟು ಮಾತ್ರ.

ಹೊಲ ಯಾರದ್ದು ಎಂಬ ಪ್ರಶ್ನೆಯೂ ಇದರ ಜೊತೆಗಿದೆ. 2018ರ ಜನವರಿಯಲ್ಲಿ ಯೂಟ್ಯೂಬ್ ಒಂದು ಹೊಸ ಷರತ್ತು ಹಾಕಿತು. ಜಾಹೀರಾತಿನ ಪಾಲು ಬೇಕಾದರೆ ಚಾನೆಲ್‌ಗೆ ಕನಿಷ್ಠ 1000 ಚಂದಾದಾರರು ಮತ್ತು ಹಿಂದಿನ 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ ಇರಬೇಕು. ಅದರಿಂದ ಹೊರಬಿದ್ದ ಚಾನೆಲ್‌ಗಳಲ್ಲಿ ಶೇಕಡಾ 99ರಷ್ಟು ಹಿಂದಿನ ವರ್ಷ 100 ಡಾಲರ್ ಕೂಡಾ ಗಳಿಸಿರಲಿಲ್ಲ ಎಂದು ಕಂಪೆನಿಯೇ ಸಮರ್ಥನೆ ನೀಡಿತು. ಸಮರ್ಥನೆಗಾಗಿ ಹೇಳಿದ ಈ ಮಾತು ಸಣ್ಣವರ ಆದಾಯ ಎಷ್ಟೆಂಬುದಕ್ಕೆ ಸಾಕ್ಷಿಯೂ ಆಯಿತು. ಉದ್ದದ ವೀಡಿಯೊಗಳ ಜಾಹೀರಾತು ಹಣದಲ್ಲಿ ತಯಾರಕನಿಗೆ ಸಲ್ಲುವುದು ಶೇಕಡಾ 55. 2023ರಿಂದ ಶಾರ್ಟ್ಸ್‌ಗೂ ಹಣ ಹಂಚಲಾಗುತ್ತಿದ್ದು ಅಲ್ಲಿ ತಯಾರಕರ ಪಾಲು ಶೇಕಡಾ 45. ಈ ಪಾಲನ್ನು ಗೊತ್ತುಪಡಿಸುವಾಗ ದುಡಿಯುವವನನ್ನು ಯಾರೂ ಕೇಳಿರಲಿಲ್ಲ.

ಯಾವ ವೀಡಿಯೊ ಯಾರ ಕಣ್ಣಿಗೆ ಬೀಳಬೇಕು ಎಂಬುದನ್ನು ನಿರ್ಧರಿಸುವುದು ಅಲ್ಗಾರಿದಮ್ ಎಂಬ ಗಣಕದ ಲೆಕ್ಕಾಚಾರ. ಅದರ ಸೂತ್ರವನ್ನು ಕಂಪೆನಿ ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ. ಬ್ರಿಟನ್ನಿನ ಸೋಫಿ ಬಿಷಪ್ 2019ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸೌಂದರ್ಯದ ವೀಡಿಯೊ ಮಾಡುವವರು ಈ ಗುಟ್ಟನ್ನು ಭೇದಿಸಲು ತಮ್ಮೊಳಗೆ ಹೇಗೆ ಪಿಸುಮಾತು ಹಂಚಿಕೊಳ್ಳುತ್ತಾರೆ ಎಂಬುದನ್ನು ದಾಖಲಿಸಿದ್ದಾರೆ. ಇಂತಹ ಹೊತ್ತಿಗೆ ಹಾಕಿದರೆ ಓಡುತ್ತದೆ, ಇಂತಹ ಪದ ಬಳಸಿದರೆ ನಿಲ್ಲುತ್ತದೆ ಎಂಬ ಈ ಪಿಸುಮಾತು ಮಳೆಗಾಗಿ ಆಕಾಶ ನೋಡುವ ರೈತನ ಲೆಕ್ಕಾಚಾರವನ್ನು ನೆನಪಿಸುತ್ತದೆ. ನಮ್ಮ ದೇಶಕ್ಕೆ ಇದರ ಕಹಿ ಅನುಭವ 2020ರ ಜೂನ್ 29ರಂದು ಆಯಿತು. ಅಂದು ಕೇಂದ್ರ ಸರಕಾರ ಟಿಕ್‌ಟಾಕ್ ಸಹಿತ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧದ ಸರಿ ತಪ್ಪು ಬೇರೆ ಚರ್ಚೆ. ಆದರೆ ಹಳ್ಳಿ, ಸಣ್ಣ ಪಟ್ಟಣಗಳ ಸಾವಿರಾರು ಯುವಕರು ವರ್ಷಗಟ್ಟಲೆ ಕಟ್ಟಿದ್ದ ಮನೆ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ತನ್ನ ರೀಲ್ಸನ್ನು ಭಾರತಕ್ಕೆ ತಂದಿತು. ಕಂಪೆನಿಗಳಿಗೆ ಅದು ಮಾರುಕಟ್ಟೆಯ ಬದಲಾವಣೆ, ಹುಡುಗರಿಗೆ ಮಾತ್ರ ಸೊನ್ನೆಯಿಂದ ಆರಂಭ.

ಹಾಗಾದರೆ ಇದರಲ್ಲಿ ಒಳಿತೇ ಇಲ್ಲವೇ? ಖಂಡಿತ ಇದೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಸ್ಟುವರ್ಟ್ ಕನಿಂಗ್‌ಹ್ಯಾಮ್ ಮತ್ತು ಡೇವಿಡ್ ಕ್ರೇಗ್ ಎಂಬ ವಿದ್ವಾಂಸರು 2019ರ ತಮ್ಮ ಗ್ರಂಥದಲ್ಲಿ ಒಂದು ಸಂಗತಿಯನ್ನು ಎತ್ತಿ ತೋರಿಸಿದ್ದಾರೆ. ಹಾಲಿವುಡ್ ಮತ್ತು ಟಿ.ವಿ. ಬಾಗಿಲು ತೆರೆಯದ ಏಷ್ಯನ್ ಮೂಲದ ಅಮೆರಿಕನ್ನರಿಗೆ ಯೂಟ್ಯೂಬ್‌ನಲ್ಲಿ ಸ್ಥಾನ ಸಿಕ್ಕಿತು. ಕನ್ನಡದಲ್ಲೇ 'ಡಾ. ಬ್ರೋ' ಎಂದು ಪರಿಚಿತರಾದ ತರುಣ ದೇಶ ವಿದೇಶ ಸುತ್ತಿ ಮಾಡಿದ ವೀಡಿಯೊಗಳನ್ನು ಟಿ.ವಿ. ಚಾನೆಲ್‌ಗಳ ಅಪ್ಪಣೆಯಿಲ್ಲದೆ ಲಕ್ಷಾಂತರ ಕನ್ನಡಿಗರು ನೋಡಿದ್ದಾರೆ. ತನ್ನ ಬಗ್ಗೆ ಇತರರು ಮಾತಾಡುವುದನ್ನೇ ಸದಾ ಕೇಳಬೇಕಾಗಿ ಬಂದ ನಮ್ಮ ಸಮುದಾಯಕ್ಕಂತೂ, ತನ್ನ ಮಾತನ್ನು ತಾನೇ ಹೇಳಬಲ್ಲ ಈ ಬಾಗಿಲು ಸಣ್ಣ ಸಂಗತಿಯಲ್ಲ. ಪಾಠ ಹೇಳಿಕೊಡುವ ಶಿಕ್ಷಕ, ಅಡುಗೆ ಕಲಿಸುವ ಗೃಹಿಣಿ, ಕಾನೂನಿನ ಅರಿವು ಮೂಡಿಸುವ ವಕೀಲ, ಇವರ ಸೇವೆಗೆ ನಾಲ್ಕು ಕಾಸು ಸಿಕ್ಕಿದರೆ ಅದು ಹಲಾಲಾದ ದುಡಿಮೆಯೇ. ನಮ್ಮ ಪ್ರಶ್ನೆ ಇರುವುದು ಆ ಬಾಗಿಲಲ್ಲಿ ನಮ್ಮಿಂದ ವಸೂಲಾಗುವ ಬೆಲೆಯ ಕುರಿತು.

ಮೊದಲ ಬೆಲೆ ಪ್ರಾಮಾಣಿಕತೆಯದ್ದು. ನಂಬಿಕೆಯನ್ನು ಗಳಿಸಿದವನ ಬಳಿಗೆ ಕಂಪೆನಿ ಬರುತ್ತದೆ. ಈ ಎಣ್ಣೆಯನ್ನು ಹಚ್ಚಿಕೊಂಡೆ, ಕೂದಲು ಬೆಳೆಯಿತು ಎಂದು ಹೇಳು ಎನ್ನುತ್ತದೆ. ಹಣ ಪಡೆದು ಹೇಳಿದ ಮಾತು ಗೆಳೆಯನ ಸಲಹೆಯ ವೇಷ ಧರಿಸಿ ನಮ್ಮ ಅಡುಗೆಮನೆಗೆ ಬರುತ್ತದೆ. ಈ ಮೋಸವನ್ನು ತಡೆಯಲೆಂದು ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಸಂಸ್ಥೆ ಆಸ್ಕಿ 2021ರಲ್ಲಿ ನಿಯಮ ರೂಪಿಸಿತು. ಹಣ ಅಥವಾ ಉಡುಗೊರೆ ಪಡೆದಿದ್ದರೆ ಅದು ಜಾಹೀರಾತು ಎಂದು ಎದ್ದು ಕಾಣುವಂತೆ ತಿಳಿಸಬೇಕು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ ಮಾರ್ಗಸೂಚಿ ಹೊರಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಪ್ರಚಾರ ಮಾಡಿದವನನ್ನು ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷಗಳವರೆಗೆ ಪ್ರಚಾರದಿಂದಲೇ ನಿಷೇಧಿಸಬಹುದು. ನಮ್ಮ ಮನೆಯ ಹುಡುಗ ಪುಕ್ಕಟೆ ಸಿಕ್ಕಿದ ಅತ್ತರಿನ ಬಾಟಲಿಗಾಗಿ ಹೊಗಳಿಕೆಯ ವೀಡಿಯೊ ಮಾಡುವಾಗ ಈ ಕಾನೂನು ತನಗೂ ಅನ್ವಯಿಸುತ್ತದೆ ಎಂಬುದು ಆತನಿಗೆ ತಿಳಿದಿದೆಯೇ?

ಹಣದ ವಿಷಯದಲ್ಲಿ ಈ ಮೋಸದ ಪರಿಣಾಮ ಇನ್ನೂ ಘೋರ. ಶೇರು ಮಾರುಕಟ್ಟೆಯಲ್ಲಿ ದಿನಕ್ಕೆ ಇಷ್ಟು ಗಳಿಸಿ ಎಂದು ಬೋಧಿಸುವ 'ಫಿನ್‌ಫ್ಲುಯೆನ್ಸರ್'ಗಳ ಹಾವಳಿ ಎಷ್ಟಾಯಿತೆಂದರೆ 2023ರ ಅಕ್ಟೋಬರ್‌ನಲ್ಲಿ ಸೆಬಿ ಅಂತಹ ಓರ್ವನ ವಿರುದ್ಧ ಆದೇಶ ಹೊರಡಿಸಿ, ನೋಂದಣಿಯಿಲ್ಲದೆ ಸಲಹೆ ನೀಡಿ ಸಂಪಾದಿಸಿದ 17 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ಮುಟ್ಟುಗೋಲು ಹಾಕಲು ಹೇಳಿತು. 2024ರಲ್ಲಿ ನಿಯಮವನ್ನೇ ತಿದ್ದಿ, ತನ್ನಲ್ಲಿ ನೋಂದಾಯಿತವಾದ ಸಂಸ್ಥೆಗಳು ಇಂತಹ ನೋಂದಣಿಯಿಲ್ಲದ ಸಲಹೆಗಾರರೊಂದಿಗೆ ವ್ಯವಹಾರ ಇಟ್ಟುಕೊಳ್ಳಬಾರದು ಎಂದು ನಿರ್ಬಂಧಿಸಿತು. ಗಲ್ಫಿನಿಂದ ಮರಳಿದವರ ಉಳಿತಾಯ, ಮಗಳ ಮದುವೆಗೆ ಕೂಡಿಟ್ಟ ಹಣ ಇಂತಹ ಸಿಹಿಮಾತಿಗೆ ಬಲಿಯಾಗದಿರಲಿ.

ಎರಡನೆಯ ಬೆಲೆ ಸತ್ಯದ್ದು. ಈಗ ಜನರಿಗೆ ಸುದ್ದಿ ತಲುಪಿಸುವವರೂ ಇನ್‌ಫ್ಲುಯೆನ್ಸರ್‌ಗಳೇ. 2024ರ ನವೆಂಬರ್‌ನಲ್ಲಿ ಯುನೆಸ್ಕೋ 45 ದೇಶಗಳ 500 ಇನ್‌ಫ್ಲುಯೆನ್ಸರ್‌ಗಳ ಸಮೀಕ್ಷೆಯನ್ನು ಪ್ರಕಟಿಸಿತು. ಅವರಲ್ಲಿ ಶೇಕಡಾ 62ರಷ್ಟು ಮಂದಿ ಮಾಹಿತಿಯನ್ನು ಹಂಚುವ ಮೊದಲು ಅದರ ಸತ್ಯಾಸತ್ಯತೆಯನ್ನು ಕ್ರಮಬದ್ಧವಾಗಿ ಪರಿಶೀಲಿಸುವುದಿಲ್ಲ ಎಂದು ಒಪ್ಪಿಕೊಂಡರು. ಒಂದು ಮೂಲ ವಿಶ್ವಾಸಾರ್ಹವೇ ಎಂದು ಅಳೆಯಲು ಹಲವರು ಬಳಸುವ ಮಾನದಂಡ ಅದಕ್ಕೆ ಸಿಕ್ಕಿದ ಲೈಕ್‌ಗಳು ಮತ್ತು ವೀಕ್ಷಣೆಗಳ ಸಂಖ್ಯೆ. ಮದ್ರಸದ ಚಾಪೆಯಲ್ಲಿ ಕುಳಿತು ಹದೀಸ್ ಶಾಸ್ತ್ರದ ಮೊದಲ ಪಾಠ ಕಲಿತ ನಮ್ಮಂತಹವರಿಗೆ ಇದು ಬೆಚ್ಚಿ ಬೀಳಿಸುವ ಸಂಗತಿ. ಒಂದು ಮಾತನ್ನು ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಆ ಇಬ್ಬರು ಭೇಟಿಯಾಗಿದ್ದರೇ, ಅವರ ನೆನಪಿನ ಶಕ್ತಿ ಹೇಗಿತ್ತು, ನಡತೆ ಹೇಗಿತ್ತು ಎಂದು ಸರಪಳಿಯ ಒಂದೊಂದು ಕೊಂಡಿಯನ್ನೂ ತಟ್ಟಿ ನೋಡಿದ ವಿದ್ವಾಂಸರ ಪರಂಪರೆ ನಮ್ಮದು. ಅಂತಹ ಪರಂಪರೆಯ ವಾರಸುದಾರರ ಮನೆಗಳಲ್ಲೇ ಇಂದು ಮೂಲವಿಲ್ಲದ ಸುದ್ದಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಹರಿಯುತ್ತಿದೆಯಲ್ಲವೇ?

ಇದರ ರಾಜಕೀಯ ಮುಖವನ್ನು ನಾವು ಕಡೆಗಣಿಸುವಂತಿಲ್ಲ. 2024ರ ಮಾರ್ಚ್ 8ರಂದು, ಲೋಕಸಭಾ ಚುನಾವಣೆಗೆ ಕೆಲವೇ ವಾರಗಳಿರುವಾಗ, ಪ್ರಧಾನಿ ನರೇಂದ್ರ ಮೋದಿಯವರು ದೆಹಲಿಯಲ್ಲಿ ಮೊತ್ತಮೊದಲ ರಾಷ್ಟ್ರೀಯ ಕ್ರಿಯೇಟರ್ಸ್ ಪ್ರಶಸ್ತಿಗಳನ್ನು ಪ್ರದಾನ ಮಾಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಸಂಪುಟ ಒಂದು ಡಿಜಿಟಲ್ ಮಾಧ್ಯಮ ನೀತಿಗೆ ಒಪ್ಪಿಗೆ ನೀಡಿತು. ಸರಕಾರದ ಯೋಜನೆಗಳನ್ನು ಪ್ರಚಾರ ಮಾಡುವ ಯೂಟ್ಯೂಬ್ ಚಾನೆಲಿಗೆ ಅದರ ದರ್ಜೆಗನುಸಾರ ತಿಂಗಳಿಗೆ 8 ಲಕ್ಷ ರೂಪಾಯಿಯವರೆಗೆ ನೀಡಬಹುದು ಎಂದು ಅದರಲ್ಲಿತ್ತು. ದೇಶವಿರೋಧಿ ಎನ್ನಲಾಗುವ ವಿಷಯ ಹಾಕಿದರೆ ಕಠಿಣ ಕ್ರಮ ಎಂಬ ಎಚ್ಚರಿಕೆಯೂ ಅದೇ ನೀತಿಯಲ್ಲಿತ್ತು. ಒಂದು ಕೈಯಲ್ಲಿ ಥೈಲಿ, ಇನ್ನೊಂದರಲ್ಲಿ ಬೆತ್ತ. ಕರ್ನಾಟಕ ಸರಕಾರವೂ 2024ರಲ್ಲಿ ಡಿಜಿಟಲ್ ಜಾಹೀರಾತಿಗೆ ಮಾರ್ಗಸೂಚಿ ರೂಪಿಸಿತು. ಪಕ್ಷ ಯಾವುದಾದರೂ ಆಗಲಿ, ಅಧಿಕಾರಕ್ಕೆ ಈಗ ಈ ಮುಖಗಳು ಬೇಕಾಗಿವೆ.

ಬೆಂಗಳೂರಿನ ಪತ್ರಿಕಾರಂಗದ ಬಗ್ಗೆ ಗ್ರಂಥ ಬರೆದಿರುವ, ಈಗ ಜರ್ಮನಿಯ ಮ್ಯೂನಿಕ್‌ನಲ್ಲಿ ಪ್ರಾಧ್ಯಾಪಕಿಯಾಗಿರುವ ಸಹನಾ ಉಡುಪ ಅವರು 2024ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ನೆರಳಿನ ರಾಜಕೀಯವನ್ನು ಅಧ್ಯಯನ ಮಾಡಿದ್ದಾರೆ. ಸಾಬೂನು, ಬಟ್ಟೆ, ತಿನಿಸುಗಳನ್ನು ಪ್ರಚಾರ ಮಾಡುವ ವಾಣಿಜ್ಯ ಇನ್‌ಫ್ಲುಯೆನ್ಸರ್‌ಗಳನ್ನೇ ಚುನಾವಣಾ ಪ್ರಚಾರದ ವ್ಯವಸ್ಥೆ ಬಳಸಿಕೊಳ್ಳುವ ರೀತಿ ಅದರ ವಿಷಯ. ಇದು ಏಕೆ ಅಪಾಯಕಾರಿ? ಪಕ್ಷದ ಬಾವುಟ ಹಿಡಿದು ಬಂದವನ ಮಾತನ್ನು ನಾವು ತೂಗಿ ನೋಡುತ್ತೇವೆ. ನಿನ್ನೆ ಬಿರಿಯಾನಿ ಮಾಡಲು ಕಲಿಸಿದವಳು ಇಂದು ಅದೇ ನಗುವಿನೊಂದಿಗೆ ಒಂದು ಸಮುದಾಯದ ಬಗ್ಗೆ ಸಂಶಯ ಬಿತ್ತಿದರೆ ತೂಗುವ ತಕ್ಕಡಿಯೇ ನಮ್ಮ ಕೈಯಲ್ಲಿರುವುದಿಲ್ಲ.

ಇಂಡೋನೇಷ್ಯಾದ ಉಲಮಾ ಮಂಡಳಿ 2017ರಲ್ಲೇ ಈ ವಿಷಯದಲ್ಲಿ ಒಂದು ಫತ್ವಾ ಹೊರಡಿಸಿದ್ದನ್ನು ಇಲ್ಲಿ ಸ್ಮರಿಸಬಹುದು. ಸಾಮಾಜಿಕ ಜಾಲತಾಣಗಳಲ್ಲಿ ಪರನಿಂದೆ, ಸುಳ್ಳಾರೋಪ, ಸುಳ್ಳು ಸುದ್ದಿ ಹರಡುವುದು ನಿಷಿದ್ಧ, ಅದನ್ನೇ ಸಂಪಾದನೆಯ ಕಸುಬಾಗಿಸಿಕೊಳ್ಳುವುದೂ ನಿಷಿದ್ಧ ಎಂದು ಅದು ಸಾರಿತು. ಅದೇ ದೇಶದ ಯುವತಿಯರ ಬಗ್ಗೆ ಇವಾ ನಿಸಾ ಎಂಬ ವಿದುಷಿ 2018ರಲ್ಲಿ ಬರೆದ ಪ್ರಬಂಧವೂ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಅಲ್ಲಿ ಇನ್‌ಸ್ಟಾಗ್ರಾಂನ ಸುಂದರ ಚಿತ್ರಗಳ ಮೂಲಕ ಧರ್ಮಬೋಧನೆಯೂ ನಡೆಯುತ್ತದೆ, ಅದರ ಜೊತೆಗೇ ವ್ಯಾಪಾರವೂ ನಡೆಯುತ್ತದೆ. ಧರ್ಮದ ಹೆಸರಿನಲ್ಲಿ ಗಳಿಸಿದ ನಂಬಿಕೆ ಎಲ್ಲಿ ಸಾಬೂನಿನ ಮಾರಾಟಕ್ಕೆ ತಿರುಗುತ್ತದೆ ಎಂದು ಗೆರೆ ಎಳೆಯುವುದು ನೋಡುಗನಿಗಿರಲಿ, ಮಾಡುವವಳಿಗೂ ಕಷ್ಟ. ಪ್ರವಚನದ ವೀಡಿಯೊಗಳಿಗೆ ಲಕ್ಷ ವೀಕ್ಷಣೆ ಬಯಸುವ ನಮ್ಮವರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಮೂರನೆಯ ಬೆಲೆ ಮನೆಯ ಒಳಗಿನದ್ದು. ಸಿಂಗಾಪುರದ ಇನ್‌ಫ್ಲುಯೆನ್ಸರ್‌ಗಳ ನಡುವೆ ವರ್ಷಗಳ ಕಾಲ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಕ್ರಿಸ್ಟಲ್ ಅಬಿದಿನ್ 2015ರಲ್ಲಿ ಅವರ ಶಿಶುಗಳ ಕುರಿತು ಬರೆದರು. ಮಾತು ಬರುವ ಮೊದಲೇ ಮಗುವಿಗೆ ಅಭಿಮಾನಿಗಳು, ನಡಿಗೆ ಕಲಿಯುವ ಮೊದಲೇ ಜಾಹೀರಾತು. ಬೇಡ ಎನ್ನಲು ಆ ಮಗುವಿಗೆ ಅವಕಾಶವೇ ಇರುವುದಿಲ್ಲ. ಇದನ್ನು ಮನಗಂಡ ಫ್ರಾನ್ಸ್ 2020ರಲ್ಲಿ ಬಾಲ ಇನ್‌ಫ್ಲುಯೆನ್ಸರ್‌ಗಳ ಗಳಿಕೆಯನ್ನು ಮತ್ತು ಹಕ್ಕನ್ನು ರಕ್ಷಿಸುವ ಕಾನೂನು ತಂದಿತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈ 1ರಿಂದ, ಮಗುವನ್ನು ವೀಡಿಯೊಗಳಲ್ಲಿ ಬಳಸಿ ಗಳಿಸುವ ಹೆತ್ತವರು ಅದರ ಪಾಲನ್ನು ಮಗುವಿನ ಹೆಸರಿನಲ್ಲಿ ತೆಗೆದಿಡಬೇಕು. ಬಾಡಿಗೆ ಮನೆಯ ಗೋಡೆಯಾಚೆಗೂ ಮಾತು ಕೇಳಬಾರದೆಂದು ದನಿ ತಗ್ಗಿಸುತ್ತಿದ್ದ ನಾವು, ಇಂದು ಮಗುವಿನ ಅಳು, ಹೆಂಡತಿಯ ಕಾಯಿಲೆ, ಅತ್ತೆ ಸೊಸೆಯರ ಜಗಳವನ್ನು ಸರಕಾಗಿಸುವ ಹಂತ ತಲುಪುತ್ತಿಲ್ಲವೇ?

ಹೆಣ್ಣುಮಕ್ಕಳ ವಿಷಯದಲ್ಲಿ ಈ ಬೆಲೆ ಇಮ್ಮಡಿಯಾಗುತ್ತದೆ. ಡಫಿ ಮತ್ತು ಹಂಡ್ 2019ರಲ್ಲಿ ಜೊತೆಯಾಗಿ ಬರೆದ ಪ್ರಬಂಧವೊಂದಿದೆ. ಇನ್‌ಸ್ಟಾಗ್ರಾಂನಲ್ಲಿ ಹೆಣ್ಣು ಸಹಜವಾಗಿದ್ದರೂ ನಿಂದೆ, ಅಲಂಕರಿಸಿಕೊಂಡರೂ ನಿಂದೆ ಎಂಬ ಇಕ್ಕಟ್ಟನ್ನು ಅದು ವಿವರಿಸುತ್ತದೆ. ನಮ್ಮ ದೇಶದಲ್ಲಿ ಅದು ಇನ್ನೂ ಕ್ರೂರ ರೂಪ ತಾಳಿತು. 2021ರ ಜುಲೈಯಲ್ಲಿ ಮತ್ತು 2022ರ ಜನವರಿಯಲ್ಲಿ, ಸಾರ್ವಜನಿಕವಾಗಿ ಮಾತಾಡುತ್ತಿದ್ದ ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಕದ್ದು ಹರಾಜಿಗಿಟ್ಟಂತೆ ತೋರಿಸಿದ ಎರಡು ಆ್ಯಪ್‌ಗಳು ಬಂದವು. ಅವರಲ್ಲಿ ಪತ್ರಕರ್ತೆಯರಿದ್ದರು, ಸಾಮಾಜಿಕ ಕಾರ್ಯಕರ್ತೆಯರಿದ್ದರು. ತಪ್ಪು ಆ ಮಹಿಳೆಯರದ್ದಲ್ಲ, ಅಪರಾಧಿಗಳದ್ದು ಎಂಬುದರಲ್ಲಿ ನಮಗೆ ಯಾವ ಅನುಮಾನವೂ ಇರಬಾರದು. ಇಂತಹ ಪ್ರಕರಣಗಳನ್ನು ನೆಪವಾಗಿಸಿ ಹೆಣ್ಣುಮಕ್ಕಳ ದನಿಯನ್ನೇ ಅಡಗಿಸಿದರೆ ಅಪರಾಧಿಯ ಉದ್ದೇಶ ನಮ್ಮ ಕೈಯಿಂದಲೇ ಈಡೇರಿದಂತಾಗುತ್ತದೆ. ಮಗಳಿಗೆ ಬೀಗ ಹಾಕುವ ಬದಲು ಅವಳ ಬೆನ್ನಿಗೆ ನಿಲ್ಲುವ ಮನೆ ನಮ್ಮದಾಗಬೇಕು. ಬೆದರಿಕೆ ಬಂದಾಗ ಅವಳು ಮೊದಲು ಹೇಳಿಕೊಳ್ಳುವುದು ತಂದೆಗೆ, ಅಣ್ಣನಿಗೆ ಎಂಬಂತಿರಬೇಕು. ಮುಚ್ಚಿಡಬೇಕಾಗಿ ಬಂದ ಮಗಳೇ ಹೆಚ್ಚು ಅಪಾಯದಲ್ಲಿರುವವಳು.

ಮಾನ್ಯರೇ, ಈ ಎಲ್ಲ ಅಧ್ಯಯನಗಳು ಒಂದು ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತವೆ. ಇದು ಅದೃಷ್ಟದ ಆಟವೂ ಅಲ್ಲ, ಬರಿಯ ಮೋಜೂ ಅಲ್ಲ, ಇದೊಂದು ದುಡಿಮೆ. ದುಡಿಮೆ ಎಂದ ಮೇಲೆ ಇತರ ದುಡಿಮೆಗೆ ನಾವು ಕೇಳುವ ಪ್ರಶ್ನೆಗಳನ್ನು ಇದಕ್ಕೂ ಕೇಳಬೇಕು. ಗಲ್ಫಿಗೆ ಹೊರಟ ಮಗನಿಗೆ ವೀಸಾ ಎಂತಹದ್ದು, ಸಂಬಳ ಎಷ್ಟು, ಕಫೀಲ್ ಯಾರು ಎಂದು ಕೇಳುವ ತಂದೆ, ಇನ್‌ಸ್ಟಾಗ್ರಾಂಗೆ ಹೊರಟ ಮಗನಿಗೆ ಏನನ್ನೂ ಕೇಳದಿರುವುದೇಕೆ?

ಮನೆಯಲ್ಲಿ ಕುಳಿತು ಮಾತಾಡಲು ಕೆಲವು ಸೂಚನೆಗಳನ್ನು ನೀಡಿ ನಮ್ಮ ಮಾತನ್ನು ಮುಗಿಸುತ್ತೇವೆ. ಮೊದಲನೆಯದಾಗಿ, ಓದು ಅಥವಾ ಕೈಯಲ್ಲಿರುವ ಕೆಲಸವನ್ನು ಬಿಟ್ಟು ಇದಕ್ಕೆ ಇಳಿಯಬಾರದು. ಶೇಕಡಾ 3ರ ಲೆಕ್ಕವನ್ನು ಮಕ್ಕಳ ಮುಂದಿಡಿ, ಗದರಿಕೆಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಎರಡನೆಯದಾಗಿ, ಆರು ತಿಂಗಳ ಕಾಲ ಒಂದು ಲೆಕ್ಕದ ಪುಸ್ತಕ ಇಡಲಿ. ಎಷ್ಟು ಗಂಟೆ ಹೋಯಿತು, ಎಷ್ಟು ಖರ್ಚಾಯಿತು, ಎಷ್ಟು ಬಂತು ಎಂದು ಮಗನೇ ಬರೆಯಲಿ. ಮೂರನೆಯದಾಗಿ, ಹಣ ಪಡೆದ ಮಾತನ್ನು ಹಣ ಪಡೆದೇ ಹೇಳುತ್ತಿದ್ದೇನೆ ಎಂದು ತಿಳಿಸಲಿ. ವಸ್ತುವಿನ ರೂಪದಲ್ಲಿ ಬಂದದ್ದೂ ಆದಾಯವೇ. ವರ್ಷಕ್ಕೆ 20,000 ರೂಪಾಯಿ ಮೀರಿದ ಇಂತಹ ಉಡುಗೊರೆಗೆ ಮೂಲದಲ್ಲೇ ಶೇಕಡಾ 10ರಷ್ಟು ತೆರಿಗೆ ಕಡಿತದ ನಿಯಮ 2022ರ ಜುಲೈ 1ರಿಂದ ಬಂದಿದೆ. ನಾಲ್ಕನೆಯದಾಗಿ, ಕ್ಯಾಮರಾ ಯಾವ ಕೋಣೆಗೆ ಹೋಗಬಾರದು, ಮನೆಯ ಯಾರ ಮುಖ ಅವರ ಒಪ್ಪಿಗೆಯಿಲ್ಲದೆ ಬರಬಾರದು ಎಂದು ಮನೆಯವರೆಲ್ಲರೂ ಸೇರಿ ತೀರ್ಮಾನಿಸಿ. ಒಪ್ಪಿಗೆ ಕೊಡುವ ಪ್ರಾಯವಾಗದ ಮಗುವಿನ ಪರವಾಗಿ ಬೇಡ ಎನ್ನುವುದು ಹೆತ್ತವರ ಹೊಣೆ. ಐದನೆಯದಾಗಿ, ನೋಡುಗರಾಗಿ ನಾವೂ ಬದಲಾಗಬೇಕು. ಜಗಳದ, ಅವಮಾನದ, ಸುಳ್ಳಿನ ವೀಡಿಯೊವನ್ನು ಕುತೂಹಲಕ್ಕಾಗಿ ನೋಡಿದರೂ ಅದರ ಲೆಕ್ಕಕ್ಕೆ ಒಂದು ವೀಕ್ಷಣೆ ಸೇರಿಸಿದವರು ನಾವೇ.

ಜಮಾಅತ್‌ಗಳು, ಶಾಲಾ ಆಡಳಿತ ಮಂಡಳಿಗಳು, ಮಹಿಳಾ ಸಂಘಟನೆಗಳು ವರ್ಷಕ್ಕೊಮ್ಮೆಯಾದರೂ ಈ ವಿಷಯದಲ್ಲಿ ತಿಳಿದವರನ್ನು ಕರೆಸಿ ಶಿಬಿರ ನಡೆಸಲಿ. ಯುನೆಸ್ಕೋದ ಅದೇ ಸಮೀಕ್ಷೆಯಲ್ಲಿ ಶೇಕಡಾ 73ರಷ್ಟು ಇನ್‌ಫ್ಲುಯೆನ್ಸರ್‌ಗಳು ತಮಗೆ ತರಬೇತಿ ಬೇಕು ಎಂದಿದ್ದಾರೆ. ನಮ್ಮ ಮಕ್ಕಳೂ ಕಲಿಯಲು ಸಿದ್ಧರಿರುತ್ತಾರೆ, ಕಲಿಸುವವರು ಮುಂದೆ ಬರಬೇಕು. ಜನರ ನಂಬಿಕೆ ಎಂಬುದು ಅಮಾನತ್. ನಮ್ಮಲ್ಲಿ ಯಾರಾದರೂ ಒಂದು ಪವನು ಚಿನ್ನವನ್ನು ನಂಬಿ ಇಟ್ಟರೆ ಅದನ್ನು ಎಷ್ಟು ಜೋಪಾನವಾಗಿ ಕಾಯುತ್ತೇವೆ! ಸಾವಿರಾರು ಮಂದಿ ತಮ್ಮ ಕಣ್ಣು, ಕಿವಿ ಮತ್ತು ಮನಸ್ಸನ್ನು ನಂಬಿ ಇಟ್ಟಾಗ ಅದನ್ನು ಅದೇ ಜೋಪಾನದಿಂದ ಕಾಯುವ ಮಕ್ಕಳು ನಮ್ಮ ಮನೆಗಳಿಂದ ಈ ಕ್ಷೇತ್ರಕ್ಕೆ ಹೋಗಲಿ ಎಂದು ಹಾರೈಸುತ್ತೇವೆ.